ಡ್ಯುಮೆಜಿಲ್, ಉಬಿಖ್ ಭಾಷೆ, ನಾರ್ಟ್ ಕಥೆಗಳು: ಯಾವ ತುದಿಯಿಂದ ಹಿಡಿಯಬೇಕು?

ಕಥನಿ ಕೇಳಿದ್ದು:

ಜಾರ್ಜ್ ಡ್ಯುಮೆಜಿಲ್ (1898–1986) ಹೆಸರು ನಮ್ಮ ಕಡೆ ಕಿವಿಗೆ ಬೀಳುವುದು ಪಾಂಡವರ ವಿಚಾರ ಬಂದಾಗ. ಧರ್ಮರಾಯನದು ಒಂದು ಪಾತ್ರ, ಭೀಮಾರ್ಜುನರದು ಇನ್ನೊಂದು, ನಕುಲ ಸಹದೇವರದು ಮತ್ತೊಂದು, ಇದು ಹಳೆಯ ಇಂಡೋ-ಯುರೋಪಿಯನ್ ಸಮಾಜದ ಮೂರು ಕೆಲಸಗಳ (ಆಳ್ವಿಕೆ-ಪೂಜೆ, ಯುದ್ಧ, ಸಿರಿ) ಹಂಚಿಕೆ ಎನ್ನುವ ವಾದ. ಆದರೆ ಅದೇ ವಿದ್ವಾಂಸ 1930ರಿಂದ 1975ರವರೆಗೂ ಕಾಕಸಸ್ (ಕಪ್ಪುಸಮುದ್ರಕ್ಕೂ ಕ್ಯಾಸ್ಪಿಯನ್ನಿಗೂ ನಡುವಿನ ಬೆಟ್ಟನಾಡು) ಭಾಷೆಗಳ ಬಗ್ಗೆ ಪುಸ್ತಕ ಹೊರತರುತ್ತಲೇ ಇದ್ದರು. ಆ ಭಾಗ ಕನ್ನಡದಲ್ಲಿ ಯಾರೂ ಬಿಡಿಸಿ ಹೇಳಿದ್ದು ಕಾಣೆ.

ಜಾನಪದ ಓದುವವರ ಕಡೆಯಿಂದ ಕೇಳುತ್ತಿದ್ದೇನೆ. ಅವರ ಪುಸ್ತಕಗಳಲ್ಲಿ ಯಾವುದು ಕಥಾಸಂಗ್ರಹ, ಯಾವುದು ಭಾಷಾಶಾಸ್ತ್ರ, ಯಾವುದು ಸಿದ್ಧಾಂತ? ಅಲ್ಲಿನ ಉಬಿಖ್ ಎಂಬ ಭಾಷೆಯಲ್ಲಿ 84 ವ್ಯಂಜನ ಎನ್ನುತ್ತಾರಲ್ಲ, ಅಂಥದ್ದನ್ನು ಕಿವಿಯಿಂದ ಕೇಳಿ ಬರೆದುಕೊಂಡದ್ದು ಎಷ್ಟು ನಂಬಬಹುದು? ನಾರ್ಟ್ ಎಂಬ ವೀರರ ಬಗೆಗಿನ ಕಾಕಸಸ್ ಕಥೆಗಳನ್ನು ನಮ್ಮ ಕಥೆಗಳ ಜೊತೆ ಹೋಲಿಸಲು ಹೊರಟರೆ ಎಲ್ಲಿ ಎಡವುತ್ತೇವೆ? ಫ್ರೆಂಚ್ ಅಷ್ಟಕ್ಕಷ್ಟೆ, ಇಂಗ್ಲಿಷ್ ಸರಾಗ.

ಹಳೇಹೊತ್ತಿಗೆ ಉತ್ತರ:

ಮೊದಲು ನೆಲದ ನಕ್ಷೆ ತಲೆಯಲ್ಲಿರಲಿ, ಇಲ್ಲದಿದ್ದರೆ ಪುಸ್ತಕಗಳ ಹೆಸರು ಕೇಳಿಯೇ ಗೊಂದಲವಾಗುತ್ತದೆ. ಕಾಕಸಸ್‌ನಲ್ಲಿ ಆಡುವ ಭಾಷೆಗಳೆಲ್ಲ ಒಂದೇ ಮನೆತನದವಲ್ಲ. ವಾಯವ್ಯದಲ್ಲಿ ಅಬ್‌ಖಾಜ್, ಅಬಾಜ, ಅಡಿಘೆ ಮತ್ತು ಕಬಾರ್ದಿಯನ್ (ಇವೆರಡನ್ನೂ ಸೇರಿಸಿ ಸರ್ಕೇಶಿಯನ್ ಅನ್ನುತ್ತಾರೆ), ಉಬಿಖ್. ಈಶಾನ್ಯದಲ್ಲಿ ಚೆಚೆನ್, ಇಂಗುಶ್, ಅವಾರ್, ಲೆಜ್ಗಿ, ದಾರ್ಗ್ವಾ ಮೊದಲಾದವು. ದಕ್ಷಿಣದಲ್ಲಿ ಜಾರ್ಜಿಯನ್, ಮಿಂಗ್ರೇಲಿಯನ್, ಲಾಜ್, ಸ್ವಾನ್. ನಾರ್ಟ್ ಕಥೆಗಳಿಗೆ ಅತಿ ಹೆಚ್ಚು ಹೆಸರಾದ ಒಸ್ಸೆಟಿಕ್ ಈ ಮೂರರಲ್ಲಿ ಯಾವುದಕ್ಕೂ ಸೇರದು. ಅದು ಇರಾನಿಯನ್ ಭಾಷೆ, ಪಾರ್ಸಿಯ ದೂರದ ನೆಂಟ, ಹಾಗಾಗಿ ಸಂಸ್ಕೃತಕ್ಕೂ ನೆಂಟ. ಡ್ಯುಮೆಜಿಲ್ ಅವರ ಎರಡು ಆಸಕ್ತಿಗಳು ಇಲ್ಲೇ ಕವಲೊಡೆಯುತ್ತವೆ: ಒಸ್ಸೆಟಿಕ್ ಅವರ ಇಂಡೋ-ಯುರೋಪಿಯನ್ ವಾದಕ್ಕೆ ಬೇಕಾದ ಸರಕು, ಉಬಿಖ್, ಲಾಜ್, ಅಬ್‌ಖಾಜ್ ಆ ವಾದಕ್ಕೆ ಏನೂ ಕೊಡದಿದ್ದರೂ ಅವರು ಬಿಡದೆ ಹಿಡಿದ ಕೆಲಸ. ಅವರ ಹೆಸರಿನಲ್ಲಿ ಕೊನೆಗೆ ಉಳಿಯುವುದು ಎರಡನೆಯದೇ ಎಂಬುದು ನನ್ನ ಅಂದಾಜು.

1925ರಿಂದ 1931ರವರೆಗೆ ಅವರು ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಇತಿಹಾಸ ಕಲಿಸುತ್ತಿದ್ದರು. 1864ರಲ್ಲಿ ರಷ್ಯಾ ಕಪ್ಪುಸಮುದ್ರದ ದಂಡೆಯಿಂದ, ಇಂದಿನ ಸೋಚಿಯ ಸುತ್ತಮುತ್ತಲಿನಿಂದ, ಹೊರದೂಡಿದ ಉಬಿಖ್ ಜನರ ಮಕ್ಕಳು ಮೊಮ್ಮಕ್ಕಳು ಟರ್ಕಿಯ ಸಪಾಂಜಾ ಕೆರೆಯ ಕಡೆಯ ಹಳ್ಳಿಗಳಲ್ಲಿ, ಮಾನ್ಯಾಸ್ ಕಡೆಯ ಹಳ್ಳಿಗಳಲ್ಲಿ ನೆಲೆಸಿದ್ದರು. ಅಂದರೆ ಕಾಕಸಸ್ಸಿಗೆ ಹೋಗದೆಯೇ ಕಾಕಸಸ್ ಭಾಷೆ ಸಿಕ್ಕಿತು. ಸೋವಿಯತ್ ನೆಲದಲ್ಲಿ ಆ ಕಾಲಕ್ಕೆ ಒಬ್ಬ ಫ್ರೆಂಚ್ ವಿದ್ವಾಂಸ ಹಳ್ಳಿ ಹಳ್ಳಿ ಸುತ್ತುವುದು ಸುಲಭದ ಮಾತಾಗಿರಲಿಲ್ಲ.

ಇನ್ನು ಪುಸ್ತಕಗಳು.

1930ರ «ನಾರ್ಟರ ಬಗೆಗಿನ ಐತಿಹ್ಯಗಳು» ಸ್ವಂತ ಕ್ಷೇತ್ರಕಾರ್ಯವಲ್ಲ. ಆ ಹೊತ್ತಿಗೆ ರಷ್ಯನ್‌ನಲ್ಲಿ ಅಚ್ಚಾಗಿದ್ದ ಪಾಠಾಂತರಗಳನ್ನು ಜನಾಂಗವಾರು ಒಟ್ಟುಮಾಡಿ ಫ್ರೆಂಚ್‌ಗೆ ತಂದು, ಕೊನೆಗೆ ಐದು ಪುರಾಣ ಟಿಪ್ಪಣಿ ಸೇರಿಸಿದ ಪುಸ್ತಕ. ಆಕರಗಳಲ್ಲಿ ಮುಖ್ಯವಾದದ್ದು ತಿಫ್ಲಿಸ್‌ನಲ್ಲಿ 1881ರಿಂದ ಬರುತ್ತಿದ್ದ, ಕಾಕಸಸ್‌ನ ಊರುಗಳು ಮತ್ತು ಬುಡಕಟ್ಟುಗಳ ಬಗೆಗಿನ ಸಂಪುಟಮಾಲೆ. ಅದಕ್ಕೆ ಬರೆದವರಲ್ಲಿ ಶಾಲಾ ಮೇಷ್ಟ್ರುಗಳೇ ಬಹಳ. ಕೆಲವು ಕಥೆಗಳಿಗೆ ಮೂಲ ಪಠ್ಯ ಇದೆ, ಎಷ್ಟಕ್ಕೋ ರಷ್ಯನ್ ಮಾತ್ರ. ಮೇಷ್ಟ್ರು ಎಲ್ಲಿ ಒಪ್ಪ ಮಾಡಿದರು, ಎಲ್ಲಿ ಕತ್ತರಿಸಿದರು ಅನ್ನುವುದು ಅಂಥ ಕಡೆ ತಿಳಿಯುವುದಿಲ್ಲ.

1931ರ «ಉಬಿಖರ ಭಾಷೆ», 1932 ಮತ್ತು 1933ರ ತೌಲನಿಕ ವ್ಯಾಕರಣಗಳು ಪೂರ್ತಿ ಭಾಷಾಶಾಸ್ತ್ರ; ಜಾನಪದದವರು ಮುಟ್ಟದಿದ್ದರೂ ನಷ್ಟವಿಲ್ಲ. 1937ರ «ಲಾಜ್ ಕಥೆಗಳು», 1957ರ «ಉಬಿಖರ ಕಥೆಗಳು ಮತ್ತು ಐತಿಹ್ಯಗಳು», 1960ರಿಂದ 1967ರ ನಡುವೆ ಐದು ಸಂಪುಟಗಳಲ್ಲಿ ಬಂದ «ಕಾಕಸಸ್ ಭಾಷೆ ಮತ್ತು ಸಂಪ್ರದಾಯಗಳ ಅನತೋಲಿಯಾ ದಾಖಲೆಗಳು», ಇವು ನಿಮಗೆ ಬೇಕಾದ ಗಂಟು. ಎರಡನೆಯ ಸಂಪುಟ (1962) ಪೂರ್ತಿ ಉಬಿಖ್ ಪಠ್ಯಗಳಿಗೆ, ನಾಲ್ಕನೆಯದು ಅರ್ಹಾವಿ ಊರಿನ ಲಾಜ್ ಕಥನಗಳಿಗೆ.

1965ರ «ವೀರರ ಪುಸ್ತಕ» ಒಸ್ಸೆಟಿಕ್ ನಾರ್ಟ್ ಕಥೆಗಳ ಆಯ್ದ ಅನುವಾದ. ಓದಲು ಎಲ್ಲಕ್ಕಿಂತ ಸೊಗಸು, ಹಾಗಾಗಿ ಎಲ್ಲರೂ ಇದನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ಆದರೆ ಇದಕ್ಕೆ ಆಧಾರವಾದ 1946ರ ಒಸ್ಸೆಟಿಕ್ ಆವೃತ್ತಿ ಹಲವು ಹಾಡುಗಾರರ ಪಾಠಗಳನ್ನು ಸೇರಿಸಿ ಹೊಂದಿಸಿದ ಸಂಯುಕ್ತ ಪಠ್ಯ. ಯಾವ ವಾಕ್ಯ ಯಾರ ಬಾಯಿಂದ ಬಂತು ಅಂತ ಕೇಳಿದರೆ ಉತ್ತರ ಸಿಗದು. ಕಥೆಯ ರುಚಿಗೆ ಓದಿ, ಪ್ರಬಂಧದಲ್ಲಿ «ಒಸ್ಸೆಟಿಯರು ಹೀಗೆ ಹೇಳುತ್ತಾರೆ» ಅಂತ ಉಲ್ಲೇಖಿಸುವಾಗ ಕೈ ಹಿಡಿದು ಬರೆಯಿರಿ.

ಫ್ರೆಂಚ್ ಕಷ್ಟ ಅಂದರೆ: ಜಾನ್ ಕೊಲರುಸ್ಸೊ ಅವರ 2002ರ ಇಂಗ್ಲಿಷ್ ನಾರ್ಟ್ ಸಂಕಲನದಲ್ಲಿ ಸರ್ಕೇಶಿಯನ್, ಅಬಾಜ, ಅಬ್‌ಖಾಜ್, ಉಬಿಖ್ ಪಾಠಗಳಿವೆ, ಟಿಪ್ಪಣಿ ಚೆನ್ನಾಗಿದೆ. ನಾರ್ಟ್ ಬಿಟ್ಟು ಸಾಮಾನ್ಯ ಜನಪದ ಕಥೆ ಬೇಕಿದ್ದರೆ ಅಡಾಲ್ಫ್ ಡಿರ್ (1867–1930) 1920ರಲ್ಲಿ ಜರ್ಮನ್‌ನಲ್ಲಿ ತಂದ ಕಾಕಸಸ್ ಕಥೆಗಳ ಇಂಗ್ಲಿಷ್ ಅನುವಾದ 1925ರದ್ದಿದೆ. ಜಾರ್ಜಿಯನ್‌ಗೆ ಮಾರ್ಜರಿ ವಾರ್ಡ್ರಪ್ ಅವರ 1894ರ ಸಂಗ್ರಹ.

ವ್ಯಂಜನಪ್ರಿಯ ಉತ್ತರ:

ಪುಸ್ತಕಪಟ್ಟಿಗೆ ನಾನೇನೂ ಸೇರಿಸುವುದಿಲ್ಲ, «ಎಷ್ಟು ನಂಬಬಹುದು» ಅನ್ನುವುದಕ್ಕೆ ಬರುತ್ತೇನೆ.

84ರಲ್ಲಿ ನಾಲ್ಕು ಎರವಲು ಪದಗಳಲ್ಲೂ ಅನುಕರಣ ಶಬ್ದಗಳಲ್ಲೂ ಮಾತ್ರ ಬರುವಂಥವು. ಉಳಿದ 80ಕ್ಕೆ ಎದುರಾಗಿ ಸ್ವರ ಎರಡೋ ಮೂರೋ, ಅದು ದೀರ್ಘ ಆಕಾರವನ್ನು ಬೇರೆ ಸ್ವರ ಅಂತ ಎಣಿಸುತ್ತೀರೋ ಇಲ್ಲವೋ ಅನ್ನುವುದರ ಮೇಲೆ. ನಮ್ಮ ವರ್ಣಮಾಲೆಯಲ್ಲಿ ವ್ಯಂಜನ 34, ಸ್ವರ ಅದಕ್ಕೆ ತಕ್ಕಷ್ಟು. ಉಬಿಖ್‌ನಲ್ಲಿ ಭೇದವನ್ನೆಲ್ಲ ವ್ಯಂಜನವೇ ಹೊರುತ್ತದೆ. ಒಂದೇ ಮೂಲ ಧ್ವನಿ ತುಟಿ ದುಂಡಗೆ ಮಾಡಿ, ಯಕಾರದ ಕಡೆ ನಾಲಗೆ ಎತ್ತಿ, ಗಂಟಲು ಬಿಗಿದು, ಹೀಗೆ ಬೇರೆ ಬೇರೆ ವ್ಯಂಜನವಾಗುತ್ತದೆ. ಕಿರುನಾಲಗೆಯ ಹತ್ತಿರ ಹುಟ್ಟುವವೇ 20.

ಕನ್ನಡಿಗರ ಕಿವಿ ಎಲ್ಲಿ ಕೈಕೊಡುತ್ತದೆ ಅಂತ ನೋಡಲು ಉಬಿಖ್‌ಗಿಂತ ಜಾರ್ಜಿಯನ್ ಸುಲಭ. ಅಲ್ಲಿ ಸ್ಪರ್ಶಗಳು ಮೂರು ಸಾಲು: ಗ ಥರದ ಘೋಷ, ಖ ಥರದ ಮಹಾಪ್ರಾಣ, ಮೂರನೆಯದು ಗಂಟಲು ಮುಚ್ಚಿ ಸಿಡಿಸುವ ಕ. «ಖಾರಿ» ಅಂದರೆ ಗಾಳಿ, ಸಿಡಿಸಿದ «ಕಾರಿ» ಅಂದರೆ ಬಾಗಿಲು. ನಮ್ಮ ಸಾದಾ ಕ ಅವರ ಕಿವಿಗೆ ಬಾಗಿಲಿನ ಕಡೆ ವಾಲುತ್ತದೆ. ಆಡುಮಾತಿನಲ್ಲಿ ನಾವು ಖ, ಥ, ಫಗಳನ್ನು ಸಲೀಸಾಗಿ ಕ, ತ, ಪ ಮಾಡಿಬಿಡುತ್ತೇವಲ್ಲ, ಆ ಅಭ್ಯಾಸದಿಂದ ಎರಡೂ ಒಂದೇ ಆಗಿಹೋಗುತ್ತವೆ. ಸಿಡಿಸುವ ಧ್ವನಿ ಬಾಯಿಗೆ ಬರಬೇಕಾದರೆ ಹೀಗೆ ಮಾಡಿ: ಭಾರ ಎತ್ತುವಾಗ ಉಸಿರು ಕಟ್ಟುವ ಹಾಗೆ ಕಟ್ಟಿ, ಉಸಿರು ಬಿಡದೆಯೇ ಕ್ ಅನ್ನಿ, ಆಮೇಲೆ ಸ್ವರ ಬಿಡಿ. ಬಾಯಿ ಮುಂದೆ ತೆಳು ಕಾಗದ ಹಿಡಿದು ನೋಡಿದರೆ ಖ ಅಂದಾಗ ಕಾಗದ ಚೆನ್ನಾಗಿ ಅಲುಗುತ್ತದೆ, ಸಿಡಿಸಿದ ಕ ಅಂದಾಗ ಹೆಚ್ಚುಕಡಿಮೆ ಸುಮ್ಮನಿರುತ್ತದೆ.

ಉಬಿಖ್‌ನಲ್ಲಿ ಇನ್ನೂ ಒಂದು ಬಲೆ: ತುಟಿಗೂಡಿದ ತ. ನಾವು «ತ್ವ» ಅಂತ ಬರೆದುಬಿಡುತ್ತೇವೆ. ಅಲ್ಲಿ ತ ಆದಮೇಲೆ ವ ಬರುವುದಿಲ್ಲ. ನಾಲಗೆ ಹಲ್ಲಿಗೆ ತಾಗುವಾಗಲೇ ತುಟಿಗಳೂ ಮುಚ್ಚಿಕೊಂಡು ತ-ಪ ಒಟ್ಟಿಗೆ ಕೇಳುತ್ತದೆ. ಲಿಪಿಕಾರ ಇದನ್ನು ಕೇವಲ ಪ ಅಂತ ಬರೆದುಕೊಂಡರೆ ಪದವೇ ಬೇರೆಯಾಗುತ್ತದೆ.

ಈಗ ನಂಬಿಕೆಯ ಪ್ರಶ್ನೆ. ಡ್ಯುಮೆಜಿಲ್ ಮೊದಲಿಗರಲ್ಲ. ಡೆನ್ಮಾರ್ಕಿನ ಬೆನೆಡಿಕ್ಟ್‌ಸೆನ್ 1898ರಲ್ಲಿ, ಡಿರ್ 1913ರಲ್ಲಿ ಟರ್ಕಿಯ ಉಬಿಖರ ಬಳಿ ಹೋಗಿದ್ದರು. ಹಂಗೆರಿಯ ಮೆಸಾರೋಶ್ ಡ್ಯುಮೆಜಿಲ್ ಇದ್ದ ಹೊತ್ತಿಗೇ 1930ರಲ್ಲಿ ಬಂದು, 1934ರಲ್ಲಿ ಪುಸ್ತಕ ತಂದರು. ಮೆಸಾರೋಶ್ ಅವರ ಕೆಲಸ ಶ್ರದ್ಧೆಯದ್ದೇ, ಆದರೆ ಅವರ ಲಿಪಿಸಂಕೇತಗಳಲ್ಲಿ ಎಲ್ಲ ಧ್ವನಿಗಳಿಗೂ ಜಾಗವಿರಲಿಲ್ಲ. ಎರಡು ಧ್ವನಿಗೆ ಒಂದೇ ಅಕ್ಷರ ಬಿದ್ದ ಕಡೆ ಈಗ ಬಿಡಿಸಲು ಬರುವುದಿಲ್ಲ. ಡ್ಯುಮೆಜಿಲ್ ಅವರ 1931ರ ಪುಸ್ತಕವನ್ನೂ ಅವರ 1960ರ ದಶಕದ ಪಠ್ಯಗಳನ್ನೂ ಒಂದೇ ತೂಕಕ್ಕೆ ಹಾಕಬೇಡಿ. ನಡುವೆ ಸಂಕೇತಗಳು ಬದಲಾಗಿವೆ, ಮುಖ್ಯವಾಗಿ ತೆವ್‌ಫಿಕ್ ಎಸೆಂಚ್ ಸಿಕ್ಕಿದ್ದಾರೆ.

ಎಸೆಂಚ್ (1904–1992) ಮಾನ್ಯಾಸ್ ಹತ್ತಿರದ ಹಾಜಿ ಒಸ್ಮಾನ್ ಹಳ್ಳಿಯವರು. ಉಬಿಖ್ ಆಡುತ್ತಿದ್ದ ಅಜ್ಜ ಅಜ್ಜಿಯರ ಬಳಿ ಬೆಳೆದವರು. ನೆನಪು ಗಟ್ಟಿ, ಕಥೆ ಬಲ್ಲವರು, ಎಲ್ಲಕ್ಕಿಂತ ಹೆಚ್ಚಾಗಿ «ನೀವು ಬರೆದದ್ದು ತಪ್ಪು» ಅಂತ ಹೇಳಲು ಹಿಂಜರಿಯದ ವ್ಯವಧಾನ ಇದ್ದವರು. ಪ್ಯಾರಿಸ್‌ಗೂ ಹೋಗಿ ಕೂತು ಕೆಲಸ ಮಾಡಿದರು. 1975ರ «ಉಬಿಖ್ ಕ್ರಿಯಾಪದ» ಪುಸ್ತಕದ ಮೇಲೆ ಸಹಯೋಗಿ ಅಂತ ಅವರ ಹೆಸರೇ ಇದೆ. ಹಾನ್ಸ್ ಫೋಗ್ಟ್ 1963ರಲ್ಲಿ ಓಸ್ಲೋದಲ್ಲಿ ತಂದ ಉಬಿಖ್ ನಿಘಂಟೂ ಅವರ ಮಾತಿನ ಮೇಲೇ ನಿಂತದ್ದು. ಆ ನಿಘಂಟು ದೊಡ್ಡ ಕೆಲಸ, ತಪ್ಪೂ ಸಾಕಷ್ಟಿವೆ. ಡ್ಯುಮೆಜಿಲ್ ಆಮೇಲೆ ತಿದ್ದುಪಡಿ ಅಚ್ಚುಹಾಕಿದರು. ನಿಘಂಟು ಒಂದನ್ನೇ ಇಟ್ಟುಕೊಂಡು ಪಠ್ಯ ಬಿಡಿಸಲು ಕೂತವರು ಸಿಕ್ಕಿಬೀಳುವುದು ಇಲ್ಲೇ.

ಒಬ್ಬರ ಮಾತಿನ ಮೇಲೆ ಇಷ್ಟೆಲ್ಲ ನಿಂತಿದ್ದರಿಂದ ಒಂದು ಅಪಾಯ ಉಳಿದಿದೆ. ಕರಾಜಾಲಾರ್ ಹಳ್ಳಿಯ ಒಬ್ಬ ವಕ್ತೃವಿನ ಮಾತನ್ನು ಡ್ಯುಮೆಜಿಲ್ 1965ರ ಸಂಪುಟದಲ್ಲಿ ಕೆಲವೇ ಪುಟಗಳಲ್ಲಿ ಕೊಟ್ಟಿದ್ದಾರೆ. ವ್ಯಾಕರಣ ಹೆಚ್ಚುಕಡಿಮೆ ಅದೇ, ವ್ಯಂಜನಗಳು ಮಾತ್ರ 62ರ ಆಸುಪಾಸಿಗೆ ಇಳಿದಿವೆ. ಮೇಲೆ ಹೇಳಿದ ತುಟಿಗೂಡಿದ ತ ಅಲ್ಲಿ ನಿಜಕ್ಕೂ ಪ ಆಗಿಬಿಟ್ಟಿದೆ! ಅಂದರೆ «ಉಬಿಖ್‌ನಲ್ಲಿ 84 ವ್ಯಂಜನ» ಅನ್ನುವುದು ಎಸೆಂಚ್ ಅವರಂತೆ ಆಡುವವರ ಉಬಿಖ್. ಬರೆಯುವಾಗ ಹಾಗಂತ ಬರೆದರೆ ಯಾರೂ ಬೆರಳು ತೋರಿಸರು.

ಕಥನಿ:

ತುಂಬ ಉಪಕಾರವಾಯ್ತು ಇಬ್ಬರಿಗೂ. ಎರಡು ಉಪಪ್ರಶ್ನೆ. ಇಂಥ ಭಾಷೆಯಲ್ಲಿ ಕಥೆ ಬರೆದುಕೊಳ್ಳುವ ಕ್ರಮ ಹೇಗಿರುತ್ತದೆ, ಹಂತ ಹಂತವಾಗಿ? ಮತ್ತೆ, ನಾರ್ಟ್ ವೀರ ಸೊಸ್ಲಾನ್‌ನ ಮಂಡಿ ಅಂದಾಗ ದುರ್ಯೋಧನನ ತೊಡೆ ನೆನಪಾಗದೆ ಇರುವುದಿಲ್ಲ. ಆ ಹೋಲಿಕೆ ಬಳಸಬಹುದೇ?

ಹಳೇಹೊತ್ತಿಗೆ:

ಮೊದಲನೆಯದಕ್ಕೆ. ಉಬಿಖ್‌ಗಷ್ಟೇ ಅಲ್ಲ, ಬರಹವಿಲ್ಲದ ಯಾವ ಭಾಷೆಗೂ ಕ್ರಮ ಹೆಚ್ಚುಕಡಿಮೆ ಇದೇ. ಕಥೆಯನ್ನು ಮೊದಲು ಅಡ್ಡಬಾಯಿ ಹಾಕದೆ ಪೂರ್ತಿ ಹೇಳಿಸುವುದು, ಈಗಾದರೆ ಧ್ವನಿಮುದ್ರಿಸಿಕೊಂಡು. ಆಮೇಲೆ ಅದನ್ನೇ ನಿಧಾನವಾಗಿ, ತುಂಡು ತುಂಡಾಗಿ ಹೇಳಿಸಿ ಬರೆದುಕೊಳ್ಳುವುದು. ಪ್ರತಿ ತುಂಡಿಗೂ ಇಬ್ಬರಿಗೂ ಗೊತ್ತಿರುವ ಭಾಷೆಯಲ್ಲಿ ಅರ್ಥ, ಇಲ್ಲಿ ಅದು ಟರ್ಕಿಶ್. ನಂತರ ಪದ ಪದವಾಗಿ ಪ್ರಶ್ನೆ. ಕೊನೆಗೆ ಬರೆದದ್ದನ್ನು ನೀವೇ ಓದಿ ಹೇಳಿ, ಅವರಿಂದ ತಿದ್ದಿಸಿಕೊಳ್ಳುವುದು. ಈ ಕೊನೆಯ ಹೆಜ್ಜೆ ಬಿಟ್ಟವರ ಪಠ್ಯ ಎಂದೂ ನಂಬಬೇಡಿ. ನಿಮ್ಮ ಉಚ್ಚಾರ ಕೇಳಿ ಅವರು ನಕ್ಕ ಜಾಗದಲ್ಲೇ ನೀವು ಎರಡು ಧ್ವನಿಯನ್ನು ಒಂದು ಮಾಡಿರುತ್ತೀರಿ.

ನಿಧಾನವಾಗಿ ಹೇಳಿಸಿದ ಪಠ್ಯ ಕಥೆಯಾಗಿ ಸೊರಗುತ್ತದೆ. ಮರುಕಳಿಕೆಗಳು ಕಡಿಮೆಯಾಗುತ್ತವೆ, «ಆಮೇಲೆ ನೋಡು» ಥರದ ಮಾತು ಬಿದ್ದುಹೋಗುತ್ತವೆ, ಸಂಧಿಗಳು ಬಿಚ್ಚಿಕೊಳ್ಳುತ್ತವೆ. ಟರ್ಕಿಶ್‌ನಲ್ಲಿ ಪ್ರಶ್ನೆ ಕೇಳಿದರೆ ಉತ್ತರದ ವಾಕ್ಯವೂ ಟರ್ಕಿಶ್ ಹಾದಿ ಹಿಡಿಯಬಹುದು. ಇನ್ನೊಂದು, ಉಬಿಖರು ಮನೆಯಲ್ಲಿ ಸರ್ಕೇಶಿಯನ್ ಕೂಡ ಆಡುತ್ತಿದ್ದವರು. ಉಬಿಖ್‌ನಲ್ಲಿ ಹೇಳಿದ ಕಥೆ ಎಂದ ಮಾತ್ರಕ್ಕೆ ಅದು ಉಬಿಖರ ಕಥೆ ಅಂತ ತೀರ್ಮಾನಿಸಲು ಬರುವುದಿಲ್ಲ.

ಕಥೆಯ ಆರಂಭದ ಸೂತ್ರವಾಕ್ಯವನ್ನೂ ಮೂಲದ ಸಾಕ್ಷಿಯಾಗಿ ಹಿಡಿಯಬೇಡಿ. «ಇತ್ತು, ಏನೂ ಇರಲಿಲ್ಲ» ಅನ್ನುವುದು ಜಾರ್ಜಿಯನ್‌ನಲ್ಲಿದೆ, ಅದರ ಹತ್ತಿರದ್ದೇ ಟರ್ಕಿಶ್‌ನಲ್ಲಿದೆ. ಜಾರ್ಜಿಯನ್ ಕಥೆ ಮುಗಿಸುವ ಬಗೆ ಮಾತ್ರ ಬಲು ಚೆಂದ: ಪೀಡೆ ಅಲ್ಲಿ, ಸಂತಸ ಇಲ್ಲಿ, ತೌಡು ಅಲ್ಲಿ, ಹಿಟ್ಟು ಇಲ್ಲಿ.

ಅಭ್ಯಾಸಕ್ಕೆ ಒಂದು ಪುಟ್ಟ ಪಠ್ಯ ಬೇಕಿದ್ದರೆ ಎಸೆಂಚ್ ಹೇಳಿದ ಮೀನಿನ ಕಥೆ ಹಿಡಿಯಿರಿ. ಇಬ್ಬರು ಜೊತೆಯಾಗಿ ದಾರಿ ಹಿಡಿಯುತ್ತಾರೆ. ಒಬ್ಬನ ಬುತ್ತಿಯಲ್ಲಿ ರೊಟ್ಟಿ ಮತ್ತು ಚೀಸ್, ಇನ್ನೊಬ್ಬನದರಲ್ಲಿ ರೊಟ್ಟಿ ಮತ್ತು ಮೀನು. ನೀವು ಅಷ್ಟೊಂದು ಮೀನು ಯಾಕೆ ತಿನ್ನುತ್ತೀರಿ ಅಂತ ಚೀಸಿನವನು ಕೇಳಿದರೆ, ಮೀನು ತಿಂದರೆ ಬುದ್ಧಿ ಬರುತ್ತದೆ ಅಂತ ಮೀನಿನವನ ಉತ್ತರ. ಅದರ ದನಿಯೂ ಪಠ್ಯವೂ ಫ್ರಾನ್ಸಿನ ಪ್ಯಾಂಗ್ಲಾಸ್ ಸಂಗ್ರಹದಲ್ಲಿ ಸಾಲು ಸಾಲಾಗಿ ಕೂಡಿಸಿ ಇಟ್ಟಿದ್ದಾರೆ. ಕಿವಿ, ಕಣ್ಣು ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಮೊದಲು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ನಮ್ಮಲ್ಲಿ «ಕೊಟ್ಟೆನು» ಅಂದರೆ ಕೊಟ್ಟವನ ಗುರುತು ಕೊನೆಯಲ್ಲಿ ಬರುತ್ತದೆ, ಉಳಿದದ್ದಕ್ಕೆ ಬೇರೆ ಪದ ಬೇಕು. ಅಲ್ಲಿ ಕೊಟ್ಟ ವಸ್ತು, ಪಡೆದವನು, ಕೊಟ್ಟವನು, ಈ ಮೂವರ ಗುರುತೂ ಇದೇ ಅನುಕ್ರಮದಲ್ಲಿ ಧಾತುವಿನ ಮುಂದೆ ಸಾಲುಗಟ್ಟುತ್ತವೆ. ಧಾತು ಸಿಗಬೇಕಾದರೆ ಪದದ ಮೊದಲಿನಿಂದ ಒಂದೊಂದೇ ಕಳಚುತ್ತಾ ಬನ್ನಿ. ನಿಘಂಟನ್ನು ಮೊದಲ ಅಕ್ಷರ ನೋಡಿ ತೆರೆದರೆ ಏನೂ ಸಿಗುವುದಿಲ್ಲ.

ಸಂಧಿವಿಗ್ರಹಿ ಉತ್ತರ:

ಮಂಡಿ ಮತ್ತು ತೊಡೆಯ ವಿಚಾರ ನನಗಿರಲಿ.

ಒಸ್ಸೆಟಿಕ್ ಪಾಠ: ಬಂಡೆಯೊಳಗಿಂದ ಹುಟ್ಟಿದ ಸೊಸ್ಲಾನ್‌ನನ್ನು ದೇವಕಮ್ಮಾರ ಕುರ್ದಲಗೊನ್ ತೋಳದ ಹಾಲಿನಲ್ಲಿ ಅದ್ದಿ ಉಕ್ಕಿನ ಹದ ಹಾಕುತ್ತಾನೆ. ಕುಹಕಿ ಸಿರ್ದೊನ್‌ನ ಕಿತಾಪತಿಯಿಂದ ದೋಣಿತೊಟ್ಟಿ ಗಿಡ್ಡವಾಗಿ, ಮಡಿಸಿದ ಮಂಡಿ ಹಾಲಿನ ಮೇಲೆ ಉಳಿದುಬಿಡುತ್ತದೆ. ಕೊನೆಗೆ ಬಾಲ್ಸಗ್‌ನ ಚಕ್ರ ಮಂಡಿಯ ಮೇಲೆ ಉರುಳಿ ಅವನು ಸಾಯುತ್ತಾನೆ. ಸರ್ಕೇಶಿಯನ್ ಪಾಠದಲ್ಲಿ ಅವನು ಸೊಸ್ರುಕೊ, ಕಮ್ಮಾರ ತ್ಲೆಪ್ಶ್. ಹದ ಬೀಳದೆ ಉಳಿದದ್ದು ಇಕ್ಕಳ ಹಿಡಿದ ಕಡೆ, ಮಂಡಿ-ತೊಡೆಯ ಭಾಗ. ನೋಡಿ, ಪಕ್ಕಪಕ್ಕದ ಎರಡು ಜನಾಂಗಗಳಲ್ಲೇ ಕಾರಣ ಬದಲಾಯಿತು. ತೊಟ್ಟಿ ಗಿಡ್ಡವಾದ ಪಾಠದಲ್ಲಿ ಕುಹಕಿಗೆ ಕೆಲಸವಿದೆ, ಇಕ್ಕಳದ ಪಾಠದಲ್ಲಿ ಅವನು ಬೇಕಾಗಿಲ್ಲ.

ದುರ್ಯೋಧನನ ತೊಡೆಯ ಕಥೆಯಲ್ಲೂ ಅಷ್ಟೆ. ಗಾಂಧಾರಿ ಕಣ್ಣುಕಟ್ಟು ಬಿಚ್ಚಿ ನೋಡಿದಾಗ ಮುಚ್ಚಿಕೊಂಡಿದ್ದ ತೊಡೆ ಮಾತ್ರ ವಜ್ರವಾಗಲಿಲ್ಲ ಅನ್ನುವುದು ಬಾಯಿಂದ ಬಾಯಿಗೆ ಬಂದ ಕಥೆ. ವ್ಯಾಸಭಾರತದಲ್ಲಿ ತೊಡೆ ಮುರಿಯುವುದಕ್ಕೆ ಕಾರಣ ಭೀಮನ ಪ್ರತಿಜ್ಞೆ ಮತ್ತು ಮೈತ್ರೇಯರ ಶಾಪ. ನೀವು ಹೋಲಿಸುವುದು ಗಾಂಧಾರಿಯ ಪಾಠವನ್ನಾದರೆ «ಒಂದು ಜಾಗ ಬಿಟ್ಟು ಉಳಿದ ಮೈಯೆಲ್ಲ ಅಭೇದ್ಯ» ಎಂಬ ಆಶಯ ಅದು. ಜನಪದ ಆಶಯಗಳಿಗೆ ಸಂಖ್ಯೆ ಹಚ್ಚಿದ ಥಾಮ್ಸನ್ ಸೂಚಿಯಲ್ಲಿ ಝಡ್ 311. ಅಖಿಲೀಸ್‌ನ ಹಿಮ್ಮಡಿಯೂ ಅಲ್ಲೇ. ಇಷ್ಟು ವ್ಯಾಪಕವಾದ ಆಶಯ ಎರಡು ಕಡೆ ಕಂಡಿತು ಅಂದರೆ ನೆಂಟಸ್ತಿಕೆ ಸಾಬೀತಾಗಲಿಲ್ಲ. ಒಂದೇ ಆಶಯದ ಬದಲು ಆಶಯಗಳ ಸರಣಿ, ಅದೇ ಅನುಕ್ರಮದಲ್ಲಿ, ಕಂಡರೆ ಆಗ ಕೂತು ಮಾತಾಡಬಹುದು. ಡ್ಯುಮೆಜಿಲ್ 1948ರ «ಲೋಕಿ» ಪುಸ್ತಕದಲ್ಲಿ ಮಾಡಿದ್ದು ಅದನ್ನೇ: ಸಿರ್ದೊನ್ ಮತ್ತು ಸೊಸ್ಲಾನ್ ಒಂದು ಕಡೆ, ಸ್ಕ್ಯಾಂಡಿನೇವಿಯಾದ ಲೋಕಿ ಮತ್ತು ಬಾಲ್ಡರ್ ಇನ್ನೊಂದು ಕಡೆ. ಕುಹಕಿ, ಅಭೇದ್ಯ ವೀರ, ಎಲ್ಲರೂ ಸೇರಿ ಅವನ ಮೇಲೆ ಆಯುಧ ಎಸೆಯುವ ಆಟ, ಗುಟ್ಟು ಕುಹಕಿಗೆ ಗೊತ್ತಾಗುವುದು, ಹೀಗೆ ಸರಣಿ. ಒಪ್ಪುವುದು ಬಿಡುವುದು ಬೇರೆ, ಕ್ರಮ ಸರಿಯಾದದ್ದು.

ಅವರ ಸಿದ್ಧಾಂತದ ಬಗ್ಗೆ ಮಾತ್ರ ಎಚ್ಚರ ಬೇಕು. 1930ರ ಪುಸ್ತಕದ ಟಿಪ್ಪಣಿಗಳಲ್ಲಿ ಸೊಸ್ಲಾನ್ ಸೂರ್ಯ, ಇನ್ನೊಬ್ಬ ನಾರ್ಟ್ ವೀರ ಬತ್ರಾಜ್ ಗುಡುಗು-ಸಿಡಿಲು. ಮೂರು ಕೆಲಸಗಳ ಸಿದ್ಧಾಂತ ಅವರಿಗೆ ಹೊಳೆದದ್ದು 1938ರಲ್ಲಿ. ಆಮೇಲೆ ಅದೇ ನಾರ್ಟರ ಮೂರು ಮನೆತನಗಳು ಮೂರು ಕೆಲಸಗಳಾದವು: ಅಲಗತ ಬುದ್ಧಿಗೆ, ಅಖ್ಸರ್ತಗ್ಗತ ಶೌರ್ಯಕ್ಕೆ, ಬೋರತ ದನಕರುಗಳ ಸಿರಿಗೆ. ಈ ಹಂಚಿಕೆಯನ್ನು ಹೀಗೆ ಒಂದೇ ಉಸಿರಿಗೆ ಹೇಳುವ ಮಾತು ಬರುವುದು 1925ರಲ್ಲಿ ಅಚ್ಚಾದ, ಒಸ್ಸೆಟಿಯನ್ ಸಂಗ್ರಾಹಕ ತುಗಾನೊವ್ ಅವರ ಬರಹದಿಂದ. ಕಥೆಗಳೊಳಗೆ ಹುಡುಕಿದರೆ ಅಲಗತರಿಗೆ ಬುದ್ಧಿಗಿಂತ ಔತಣವೇ ಹೆಚ್ಚು. ಅವರ ದೊಡ್ಡ ಚಾವಡಿಯಲ್ಲೇ ನಾರ್ಟರು ಕುಡಿಯಲು ಸೇರುವುದು. ತನ್ನ ಪರಾಕ್ರಮವನ್ನು ನಿಜ ಹೇಳಿದವನ ತುಟಿಗೆ ತಾನೇ ಏರುವ ನಾರ್ತಮೊಂಗ ಬಟ್ಟಲು ಇರುವುದೂ ಅಲ್ಲೇ. ಡ್ಯುಮೆಜಿಲ್ ಆ ಬಟ್ಟಲು, ಆ ಪೂಜಾಸದೃಶ ಔತಣವನ್ನೇ ಮೊದಲ ಕೆಲಸದ ಗುರುತು ಅಂತ ಓದುತ್ತಾರೆ. ಓದಬಹುದು. ಆದರೆ ಸರ್ಕೇಶಿಯನ್, ಅಬ್‌ಖಾಜ್ ಪಾಠಗಳಲ್ಲಿ ಈ ಮೂರು ಮನೆತನಗಳ ಕಟ್ಟು ಇಲ್ಲ ಎಂದಾಗ «ಅವರು ಇಂಡೋ-ಯುರೋಪಿಯನ್ ಅಲ್ಲ, ಕಥೆ ಎರವಲು ತಂದು ಕಟ್ಟು ಬಿಟ್ಟರು» ಅನ್ನುವುದು ಬಿಗಿಯಾದ ವಾದವಲ್ಲ. ಇದ್ದರೂ ಪುರಾವೆ, ಇಲ್ಲದಿದ್ದರೂ ಪುರಾವೆ ಅಂದ ಹಾಗಾಯಿತು.

ಪಾಂಡವರ ಮೂರು ಕೆಲಸದ ಓದು ಕೂಡ ಮೊದಲು ಸ್ವೀಡನ್ನಿನ ಸ್ಟಿಗ್ ವಿಕಾಂಡರ್ 1947ರಲ್ಲಿ ಹೇಳಿದ್ದು. ಡ್ಯುಮೆಜಿಲ್ 1968ರಲ್ಲಿ ಅದನ್ನು ವಿಸ್ತರಿಸಿ, ಅದೇ ಸಂಪುಟದಲ್ಲಿ ನಾರ್ಟರನ್ನೂ ಇಟ್ಟರು. ಪಾಂಡವರು-ನಾರ್ಟರು ಅಂತ ಅಧ್ಯಾಯ ಬರೆಯುವುದಿದ್ದರೆ ಆ ಸಂಪುಟ ನೋಡದೆ ಆಗದು.

ಹಳೇಹೊತ್ತಿಗೆ:

«ಕಟ್ಟು ಬಿಟ್ಟರು» ಅನ್ನುವ ವಾದ ಅಷ್ಟೇನೂ ಹಗುರವಲ್ಲ ಅಂತ ನನ್ನ ತಕರಾರು. ನಾರ್ಟ್ ಎಂಬ ಹೆಸರಿನ ಹಣೆಬರಹವೇ ಜನಾಂಗದಿಂದ ಜನಾಂಗಕ್ಕೆ ತಲೆಕೆಳಗಾಗುತ್ತದೆ. ಚೆಚೆನ್-ಇಂಗುಶ್ ಪಾಠಗಳಲ್ಲಿ ಎಷ್ಟೋ ಕಡೆ ನಾರ್ಟರು ಪರರನ್ನು ಪೀಡಿಸುವ ದುಷ್ಟರು. ಅಬ್‌ಖಾಜ್‌ನಲ್ಲಿ ಒಬ್ಬಳೇ ತಾಯಿ ಸತನೆಯ್‌ಗೆ ಹುಟ್ಟಿದ ಅಣ್ಣತಮ್ಮಂದಿರ ದೊಡ್ಡ ಹಿಂಡು, ಮೂರು ಮನೆತನಕ್ಕೆ ಅಲ್ಲಿ ಜಾಗವೇ ಇಲ್ಲ. ಎರವಲು ಬಂದ ಕಥೆ ಹೊಸ ಮನೆಯ ನೆಂಟಸ್ತಿಕೆಗೆ ತಕ್ಕಂತೆ ಮಗ್ಗುಲಾಗುವುದು ಸಹಜ. ಅದರಿಂದ ಮೂರು ಕೆಲಸ ಸಾಬೀತಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಸಂಧಿವಿಗ್ರಹಿ:

ಮಗ್ಗುಲಾಯಿತು ಅನ್ನಬೇಕಾದರೆ ಹೊರಟ ಜಾಗ ಒಸ್ಸೆಟಿಕ್ ಅಂತ ಮೊದಲು ತೋರಿಸಬೇಕು. ಕೊಲರುಸ್ಸೊ ಅವರ ಟಿಪ್ಪಣಿಗಳನ್ನು ನೋಡಿದರೆ ಸರ್ಕೇಶಿಯನ್ ಪಾಠಗಳಲ್ಲೂ ಹಳೆಯ ಪದರಗಳು ಸಾಕಷ್ಟು ಸಿಗುತ್ತವೆ. ಇರಲಿ, ಕಥನಿಯವರ ಪ್ರಶ್ನೆ ಇದಲ್ಲ.

ವ್ಯಂಜನಪ್ರಿಯ:

ಹೆಸರುಗಳನ್ನು ಕನ್ನಡದಲ್ಲಿ ಬರೆಯುವ ವಿಷಯ ಯಾರೂ ಎತ್ತಲಿಲ್ಲ, ಅಲ್ಲೇ ಹೆಚ್ಚು ಗಲಾಟೆ. ರೋಮನ್ ಲಿಪಿಯ ಒಸ್ಸೆಟಿಕ್‌ನಲ್ಲಿ ಎಕ್ಸ್ ಅಕ್ಷರ ಕಂಡರೆ «ಕ್ಸ» ಓದಬೇಡಿ, ಅದು ಗಂಟಲಲ್ಲಿ ಉಜ್ಜುವ ಖ. ಸಿ ಅಕ್ಷರ «ತ್ಸ». ಎ ಮತ್ತು ಇ ಅಂಟಿಕೊಂಡ ಅಕ್ಷರ ಹ್ರಸ್ವ ಅ, ನಮ್ಮ ಅಕಾರಕ್ಕೆ ಹತ್ತಿರ, ಅದನ್ನು ಏ ಮಾಡಿದರೆ ಕೆಟ್ಟಿತು. ಹಾಗಾಗಿ ಬತ್ರಾಜ್‌ನ ಅಪ್ಪ ಖಮಿತ್ಸ್, «ಕ್ಸೇಮಿಕ್» ಅಲ್ಲ. ಮನೆತನಗಳ ಕೊನೆಯ «ತ» ಬಹುವಚನ ಪ್ರತ್ಯಯ. «ಬೋರತರು» ಅಂತ ಮೇಲೊಂದು ಬಹುವಚನ ಹಚ್ಚುವುದು ಕನ್ನಡದ ಓಟಕ್ಕೆ ಅನಿವಾರ್ಯ ಆದರೆ ಹಚ್ಚಿ, ಆದರೆ ಮನೆತನದ ಒಬ್ಬನನ್ನು «ಬೋರತ» ಅನ್ನಬೇಡಿ.

ಜಾರ್ಜಿಯನ್ ಹೆಸರುಗಳಿಗೆ ನನ್ನ ಸಲಹೆ: ಸಿಡಿಸುವ ಧ್ವನಿಗೆ ಕ, ತ, ಪ, ಮಹಾಪ್ರಾಣಕ್ಕೆ ಖ, ಥ, ಫ. ನಮ್ಮಲ್ಲಿ ಎರಡು ಸಾಲು ಆಗಲೇ ಇರುವಾಗ ಇಂಗ್ಲಿಷ್ ಕಾಗುಣಿತ ನೋಡಿ ಎರಡನ್ನೂ ಒಂದೇ ಮಾಡುವುದು ಯಾಕೆ? ಉಬಿಖ್‌ಗೆ ಮಾತ್ರ ಕನ್ನಡ ಲಿಪಿ ಸಾಲದು. ವ್ಯಕ್ತಿನಾಮ, ಊರ ಹೆಸರು ಕನ್ನಡದಲ್ಲಿ, ಪಠ್ಯದ ಸಾಲು ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಇಡಿ. ಡ್ಯುಮೆಜಿಲ್ ಸಂಕೇತಗಳಿಂದ ಧ್ವನಿಲಿಪಿಗೆ ಇಳಿಸುವಾಗ ಯಾವ ವರ್ಷದ ಪುಸ್ತಕ ಅಂತ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. 1931ರ ಚಿಹ್ನೆಯೂ 1975ರ ಚಿಹ್ನೆಯೂ ಎಲ್ಲ ಕಡೆ ಒಂದೇ ಧ್ವನಿಗೆ ನಿಲ್ಲುವುದಿಲ್ಲ.

ಕಥನಿ:

ಹಾಗಾದರೆ ಹೀಗೆ ಮಾಡುತ್ತೇನೆ: ಕೊಲರುಸ್ಸೊ ಸಂಕಲನದಿಂದ ಸೊಸ್ರುಕೊ ಕಥೆಗಳು, ಪಕ್ಕದಲ್ಲಿ ಒಸ್ಸೆಟಿಕ್ ಸೊಸ್ಲಾನ್. ಪ್ರತಿ ಘಟನೆಗೂ ಆಶಯಸಂಖ್ಯೆ, ಜನಾಂಗ, ಹೇಳಿದವರು ಅಥವಾ ಸಂಯುಕ್ತ ಪಠ್ಯವೇ ಅನ್ನುವ ಕಾಲಂ. ಪಾಂಡವರನ್ನು ಸದ್ಯಕ್ಕೆ ಹೊರಗಿಡುತ್ತೇನೆ.

ಸಂಧಿವಿಗ್ರಹಿ:

ಸರಿ. ಇನ್ನೊಂದು ಕಾಲಂ ಸೇರಿಸಿ: ದಾಖಲಾದ ಭಾಷೆ ಮತ್ತು ಅಚ್ಚಾದ ಭಾಷೆ ಬೇರೆ ಬೇರೆಯೇ ಎಂದು. ಸರ್ಕೇಶಿಯನ್‌ಗೆ ಮೈಕೋಪ್‌ನಲ್ಲಿ 1968ರಿಂದ 1971ರವರೆಗೆ ಹದಗಾತ್ಲ್ ತಂದ ಏಳು ಸಂಪುಟಗಳಲ್ಲಿ ಮೂಲ ಪಠ್ಯಗಳೇ ಇವೆ, ಪಾಠಾಂತರಗಳೂ ಬೇರೆ ಬೇರೆಯಾಗಿಯೇ ಇವೆ. ಸೊಸ್ರುಕೊ ದೈತ್ಯನಿಂದ ಬೆಂಕಿ ತರುವ ಕಥೆಯಿಂದ ಶುರುಮಾಡಿ. ದೈತ್ಯನನ್ನು ಆಟದ ನೆಪದಲ್ಲಿ ನೀರಿಗಿಳಿಸಿ, ಕುತ್ತಿಗೆವರೆಗೆ ಹೆಪ್ಪುಗಟ್ಟಿಸುವ ಘಟನೆ ಒಸ್ಸೆಟಿಕ್‌ನಲ್ಲೂ ಇದೆ. ಆದರೆ ಅಲ್ಲಿ ಸೊಸ್ಲಾನ್ ಹೋಗುವುದು ಬೆಂಕಿಗಲ್ಲ, ಹಿಮಗಾಲದಲ್ಲಿ ನಾರ್ಟರ ದನಗಳಿಗೆ ಹುಲ್ಲುಗಾವಲು ಹುಡುಕಿ. ಘಟನೆ ಅದೇ ಇದ್ದು ಉದ್ದೇಶ ಬದಲಾದ ಇಂಥ ಕಡೆ ನಿಮ್ಮ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಸಂಖ್ಯೆ ಬಿದ್ದುಬಿಡುತ್ತದೆ, ಉದ್ದೇಶಕ್ಕೆ ಬೇರೆ ಸಾಲು ಇಡಿ.